ಬೆಂಕಿಬಾಣದ ದೇಜಪ್ಪ ನಾಯಕ

ನನ್ನ ಅಪ್ಪ ಪೋರ್ಚುಗೀಸರ ಹಡಗಿಗೆ ಬೆಂಕಿ ಇಟ್ಟವರು ಎಂಬ ಸಂಗತಿ ನನಗೆ ತಿಳಿದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಅದೂ ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುತ್ತಿದ್ದಾಗ.

ಡೊಂಬಿವಲಿ ಪೂರ್ವದಲ್ಲಿ ಸ್ಟೇಷನ್ನಿಗೆ ಹತ್ತಿರವೇ ನಮ್ಮ ಹೋಟೆಲು. ಇಡ್ಲಿ, ವಡೆ, ದೋಸೆ, ಮಧ್ಯಾಹ್ನಕ್ಕೆ ಊಟ. ಗಲ್ಲಾದ ಹಿಂದಿನ ಗೋಡೆಯಲ್ಲಿ ಅಪ್ಪನ ಫೋಟೊ, ಅದಕ್ಕೊಂದು ಗಂಧದ ಹಾರ. ಅಪ್ಪ ಊರು ಬಿಟ್ಟು ಬಂದು ಠಾಣೆಯ ಒಂದು ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು, ಆಮೇಲೆ ಭಟ್ಟಿಯ ಮುಂದೆ ನಿಂತು, ಕೊನೆಗೆ ಈ ಹೋಟೆಲು ಹಾಕಿದವರು. ಬೆಂಕಿ ಹಾಕಿದ್ದು ನಿಜ, ಆದರೆ ಭಟ್ಟಿಗೆ. ಹಡಗಿಗೂ ಅವರಿಗೂ ಇದ್ದ ಸಂಬಂಧ ಒಂದೇ: ಮಂಗಳೂರಿನಿಂದ ಬೊಂಬಾಯಿಗೆ ಹಡಗಿನಲ್ಲಿ ಬರುವಾಗ ದಾರಿಯುದ್ದಕ್ಕೂ ವಾಂತಿ ಮಾಡಿದ್ದರು. ಮತ್ತೆ ಜನ್ಮದಲ್ಲಿ ದೋಣಿ ಹತ್ತಲಿಲ್ಲ.

ಆ ಭಾನುವಾರ ಕಲ್ಯಾಣದ ಲೀಲಾಧರ ಬಂದಿದ್ದರು. ನಮ್ಮ ಊರ ಕಡೆಯವರು, ಒಂದು ಆಫೀಸಿನ ಕ್ಯಾಂಟೀನ್ ನೋಡಿಕೊಳ್ಳುತ್ತಾರೆ. ಜೊತೆಗೆ ಆರನೇ ಕ್ಲಾಸಿನ ಮಗಳು ರಮಿತಾ. ಲೀಲಾಧರರು ಬಿಲ್ಲು ಕೊಡುತ್ತಿದ್ದ ಹಾಗೆ ಹುಡುಗಿ ತಲೆಯೆತ್ತಿ ಫೋಟೊ ನೋಡಿದಳು. ನೋಡಿದವಳು ಅಲ್ಲೇ ನಿಂತಳು. ಆಮೇಲೆ ಕಾಲಿನ ಚಪ್ಪಲಿ ಬಿಚ್ಚಿ, ಎರಡೂ ಕೈ ಮುಗಿದಳು.

"ಪಪ್ಪಾ, ದೇಖೋ! ದೇಜಪ್ಪ ನಾಯಕ್!"

ಅಪ್ಪನ ಹೆಸರು ದೇಜಪ್ಪ ಹೌದು. ನಾಯಕ ಎಲ್ಲಿಂದ ಬಂತು? "ನಿನಗೆ ಇವರ ಹೆಸರು ಹೇಗೆ ಗೊತ್ತು ಮಗಾ?" ಎಂದೆ.

"ಸಬ್ಕೋ ಪತಾ ಹೈ ಅಂಕಲ್."

"ಕನ್ನಡದಲ್ಲಿ ಹೇಳು," ಎಂದರು ಲೀಲಾಧರ.

ಹುಡುಗಿ ಒಂದು ಕ್ಷಣ ಶಬ್ದ ಹುಡುಕಿದಳು. "ಎಲ್ಲರಿಗೂ ಗೊತ್ತು. ಅಬ್ಬಕ್ಕ ರಾಣಿದು ಬೆಂಕಿ ಬಾಣದ ಸೇನೆ ಇತ್ತಲ್ಲ, ಅದರ ನಾಯಕ ಇವರು. ಪೋರ್ಚುಗೀಸರ ಜಹಾಜ್ ಎಲ್ಲ ಸುಟ್ಟು ಹಾಕಿದ್ರು. ನಾನು ಲೆವೆಲ್ ಫೋರ್‌ನಲ್ಲಿ ಇವರೇ."

ನಾನು ನಕ್ಕೆ. ಹುಡುಗಿ ನಗಲಿಲ್ಲ. ಲೀಲಾಧರರ ಕಿಸೆಯಿಂದ ಮೊಬೈಲ್ ಎಳೆದು ನನ್ನ ಮುಂದೆ ಹಿಡಿದಳು. ಅದೊಂದು ಗೇಮ್. ಸಮುದ್ರ, ಕೋಟೆ, ಹೊಗೆ. ಕೋಟೆಯ ಮೇಲೆ ಕವಚ ತೊಟ್ಟು, ಕೈಯಲ್ಲಿ ಉರಿಯುವ ಬಾಣ ಹಿಡಿದು ನಿಂತವರು ನನ್ನ ಅಪ್ಪ. ಅದೇ ಅಗಲ ಕಿವಿ, ಎಡ ಹುಬ್ಬಿನ ಮೇಲೆ ಅದೇ ಮಚ್ಚೆ, ಗಿರಾಕಿ ಸಾಂಬಾರಿಗೆ ಹೆಸರಿಟ್ಟಾಗ ಬಿಗಿಯಾಗುತ್ತಿದ್ದ ಅದೇ ತುಟಿ.

"ಇದು ಆಟ ಅಲ್ವಾ? ಆಟದಲ್ಲಿ ಯಾರನ್ನು ಬೇಕಾದರೂ ಮಾಡುತ್ತಾರೆ," ಎಂದೆ.

"ಆಟ ಅಲ್ಲ ಅಂಕಲ್, ಸಚ್ ಹೈ. ಟೀಚರ್ ಹೇಳಿದ್ದಾರೆ. ಇದು ನೋಡಿ."

ಇನ್ನೊಂದು ವಿಡಿಯೊ ತೆರೆದಳು. ಹಿಂದೆ ಉಳ್ಳಾಲದ ಕಡಲ ಚಿತ್ರ, ಮುಂದೆ ನೀಲಿ ಅಂಚಿನ ಬಿಳಿ ಸೀರೆ ಉಟ್ಟ ನನ್ನ ಹೆಂಡತಿ ಜಯಲತಾ. ಚೆನ್ನಾದ ಹಿಂದಿಯಲ್ಲಿ, ಕ್ಲಾಸಿನಲ್ಲಿ ಹೇಳುವಷ್ಟೇ ನಿಧಾನವಾಗಿ, ಅವಳು ಹೇಳುತ್ತಿದ್ದಳು: ರಾಣಿಯ ಬೆಂಕಿಬಾಣದ ಪಡೆಯ ನಾಯಕನ ಹೆಸರು ದೇಜಪ್ಪ ನಾಯಕ.

ಮದುವೆಯಾಗಿ ಇಷ್ಟು ವರ್ಷವಾದರೂ ಜಯ ನನ್ನ ಅಪ್ಪನ ಹೆಸರು ಬಾಯಲ್ಲಿ ತಂದವಳಲ್ಲ. ನಮ್ಮಲ್ಲಿ ಸೊಸೆಯಂದಿರು ಮಾವನ ಹೆಸರು ಹೇಳುವುದಿಲ್ಲ. ರೇಷನ್ ಆಫೀಸಿನಲ್ಲಿ ಕೇಳಿದಾಗಲೂ ನನ್ನ ಕಡೆ ಕೈ ತೋರಿಸಿ "ಇವರ ಅಪ್ಪ" ಎಂದವಳು. ಆ ಬಾಯಲ್ಲಿ ಆ ಹೆಸರು ಕೇಳಿ ನಾನು ಗಲ್ಲಾ ಬಿಟ್ಟು ಎದ್ದು ನಿಂತೆ. ಲೀಲಾಧರರಿಗೆ ಎಷ್ಟು ಚಿಲ್ಲರೆ ಕೊಟ್ಟೆನೋ ದೇವರಿಗೇ ಗೊತ್ತು.

ಜಯ ಇತಿಹಾಸದ ಟೀಚರು. ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಜೀವಮಾನವಿಡೀ ಕಲಿಸಿದಳು. ನಿವೃತ್ತಿಯ ಹೊತ್ತಿಗೆ ಕ್ಲಾಸಿನಲ್ಲಿ ಮಕ್ಕಳಿಗಿಂತ ಬೆಂಚುಗಳೇ ಜಾಸ್ತಿಯಾಗಿದ್ದವು. ಮನೆಗೆ ಬಂದ ಮೇಲೆ ಕಲಿಸಲು ಯಾರೂ ಸಿಗದೆ ನನಗೇ ಕಲಿಸುತ್ತಿದ್ದಳು. ಊಟಕ್ಕೆ ಕೂತರೆ ಕೆಳದಿ, ಮಲಗಲು ಹೋದರೆ ಬಸರೂರು. ನಮ್ಮ ಒಬ್ಬಳೇ ಮಗಳು ದಿಶಾ ಘಣಸೋಲಿಯ ಒಂದು ಗೇಮ್ ಕಂಪನಿಯಲ್ಲಿ ಪ್ರಚಾರದ ಕೆಲಸದಲ್ಲಿದ್ದಾಳೆ. ಹೋದ ವರ್ಷ, ಜಿಯೊ ಬಂದು ಪೋರ ಪೋರಿಯರ ಕೈಯಲ್ಲೆಲ್ಲ ಮೊಬೈಲ್ ಕುಣಿಯತೊಡಗಿದಾಗ, ಅವಳೇ ಬಂದು ಹೇಳಿದ್ದು: "ಅಮ್ಮ, ನೀನು ಪಪ್ಪಂಗೆ ಹೇಳೋದನ್ನ ಕ್ಯಾಮೆರಾಗೆ ಹೇಳು. ಐದೈದು ಮಿನಿಟ್ ಲೆಸನ್. ಬಚ್ಚೇ ಲೋಗ್ ನೋಡ್ತಾರೆ." ನನಗಂತೂ ಸಾಕೋ ಸಾಕು ಎನಿಸಿತ್ತು, ಆಗಲಿ ಎಂದೆ. ಜಯ ಹಿಗ್ಗಿ ಹೋದಳು. ಪಾಠ ಅವಳು ಕನ್ನಡದಲ್ಲಿ ಬರೆದು ಕೊಡುವುದು, ದಿಶಾಳ ಆಫೀಸಿನವರು ಅದನ್ನು ಹಿಂದಿ ಮಾಡುವುದು, ಕ್ಯಾಮೆರಾದ ಮುಂದೆ ಗಾಜಿನ ಮೇಲೆ ಅಕ್ಷರ ಸರಿಯುವುದು, ಇವಳು ಓದುವುದು. ಲೆಸನ್ನು ಮುಗಿದ ಮೇಲೆ ಕೆಳಗೆ ಗೇಮಿನ ಜಾಹೀರಾತು ಬರುತ್ತದೆ ಎಂದು ನಮಗೆ ಗೊತ್ತಿತ್ತು. ಪೇಪರಿನಲ್ಲಿ ಸುದ್ದಿಯ ಪಕ್ಕ ಹಲ್ಲುಪುಡಿಯ ಜಾಹೀರಾತು ಬರುವುದಿಲ್ಲವೇ, ಹಾಗೆ ಎಂದುಕೊಂಡಿದ್ದೆವು.

ಅವತ್ತು ಸಂಜೆ ಎಂಐಡಿಸಿ ಬಡಾವಣೆಯ ನಮ್ಮ ಮನೆಯಲ್ಲಿ ಆ ವಿಡಿಯೊ ಹಾಕಿ ಅವಳ ಮುಂದೆ ಇಟ್ಟೆ.

"ನಾನು ಹೇಳಲಿಲ್ಲ," ಎಂದಳು ಜಯ.

"ಬಾಯಿ ನಿನ್ನದಲ್ವಾ?"

ಮತ್ತೊಮ್ಮೆ ನೋಡಿದಳು. ಆಮೇಲೆ ಸೋಫಾದ ತುದಿಯಲ್ಲಿ ಕೂತು ನಿಧಾನ ಹೇಳಿದಳು. ಲೆಸನ್ನು ಮುಗಿದ ಮೇಲೆ ದಿಶಾ ಬಂದು, ಗೇಮಿನಲ್ಲಿ ಒಬ್ಬ ಹೀರೊ ಇದ್ದಾನೆ, ಅವನಿಗೆ ಅಜ್ಜನ ಹೆಸರಿಟ್ಟಿದ್ದೇನೆ, ಗೇಮಿನ ಶುರುವಿಗೆ ಒಂದು ಸಾಲು ಬೇಕು ಎಂದಿದ್ದಳಂತೆ. ಇವಳಿಗೆ ನಾಚಿಕೆಯಾಗಿ, ನಗು ಬಂದು, ಆ ಹೆಸರು ಬಾಯಿಂದ ಹೊರಡದೆ, ಮೂರು ನಾಲ್ಕು ಸಲ ಶೂಟಿಂಗ್ ನಿಲ್ಲಿಸಬೇಕಾಯಿತಂತೆ.

"ಆಟಕ್ಕೆ ಅಂತ ಹೇಳಿದ್ದು ನೋಡಿ. ಪಾಠದ ನಡುವೆ ಹಾಕ್ತಾರೆ ಅಂತ ನನಗೆಂತ ಗೊತ್ತು? ಸೇರಿಸಿದ ಹೊಲಿಗೆ ಕೂಡ ಕಾಣೋದಿಲ್ಲ!"

ಅವಳು ಸಿಟ್ಟು ಮಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವಳು ಹೆದರಿದ್ದಳು. ಎಷ್ಟು ಮಂದಿ ನೋಡಿದ್ದಾರೆ ಎಂದು ಕೇಳಿದಳು. ಕೆಳಗಿದ್ದ ಅಂಕಿ ನನಗೆ ಓದಲು ಬರಲಿಲ್ಲ, ಅಷ್ಟು ಉದ್ದ ಇತ್ತು.

ದಿಶಾ ಆಫೀಸಿನಿಂದ ಬಂದಳು. ನಾನು ಕೂಗಾಡಿದೆ. ನನ್ನ ಬಾಯಿ ಜೋರು ಎಂದು ಇಡೀ ಬಿಲ್ಡಿಂಗಿಗೆ ಗೊತ್ತು, ಅವಳಿಗೆ ಗೊತ್ತಿಲ್ಲದೆ ಇರುತ್ತದೆಯೇ? ಬ್ಯಾಗು ಇಳಿಸಿ, ನೀರು ಕುಡಿದು, ಆಮೇಲೆ ಮಾತಾಡಿದಳು.

"ಪಪ್ಪ, ಚಿಲ್ಲಾವೋ ಮತ್. ಲೆಸನ್ ನೋಡಿದವರೇ ಗೇಮ್ ಡೌನ್‌ಲೋಡ್ ಮಾಡೋದು. ಗೇಮಲ್ಲಿ ಹೀರೊ ಇದ್ದಾನೆ, ಲೆಸನ್‌ನಲ್ಲಿ ಅವನ ನಾಮೋನಿಶಾನ್ ಇಲ್ಲ ಅಂದ್ರೆ ಯಾರು ಆಡ್ತಾರೆ? ಒಂದು ಸೆಂಟೆನ್ಸ್ ಸೇರಿಸಿದ್ವಿ, ಬಸ್. ಬಾಣ ಬಿಟ್ಟವರಿಗೆ ಯಾರೋ ಒಬ್ಬ ಲೀಡರ್ ಇದ್ದೇ ಇರ್ತಾನಲ್ಲ? ಅವನ ಹೆಸರು ಯಾರಿಗೂ ಗೊತ್ತಿಲ್ಲ. ಅಜ್ಜಂದು ಇಟ್ಟರೆ ಯಾರಿಗೆ ನಷ್ಟ? ಪ್ಯಾರ್ ಸೇ ರಖಾ ಹೈ, ಪ್ರೀತಿಯಿಂದ."

ಉತ್ತರ ಕೊಟ್ಟದ್ದು ಅವಳ ಅಮ್ಮ.

"ಯಾರೋ ಇದ್ದಿರಬೇಕು, ಹೌದು. ಯಾರು ಅಂತ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಹೇಳೋದನ್ನೇ ಅಲ್ವಾ ನಾನು ಮಕ್ಕಳಿಗೆ ಕಲಿಸಿದ್ದು? ನನ್ನ ಮಾತನ್ನ ಮಕ್ಕಳು ನಂಬ್ತಾರೆ ದಿಶಾ. ನನ್ನ ಹತ್ರ ಇರೋದು ಅದೊಂದೇ. ಅದನ್ನ ತೆಗೆಸು."

ದಿಶಾ ಕಣ್ಣು ತಪ್ಪಿಸಿದಳು. ವಿಡಿಯೊ ಕಂಪನಿಯದು, ತನ್ನ ಕೈಯಲ್ಲಿಲ್ಲ, ಹೊಸ ಲೆವೆಲ್ ಬಿಡುಗಡೆಯಾಗುವವರೆಗೆ ಬಾಸ್ ಮುಟ್ಟಲು ಬಿಡುವುದಿಲ್ಲ ಎಂದಳು. ಕೇಳಿ ನೋಡುತ್ತೇನೆ ಎಂದಳು. ಕೇಳಿದಳು ಕೂಡ. ಸಿಕ್ಕಿದ್ದು, ವಿಡಿಯೊದ ಕೊನೆಯಲ್ಲಿ ಇರುವೆಯ ಗಾತ್ರದ ಅಕ್ಷರಗಳ ಒಂದು ಸಾಲು: ಕೆಲವು ಪಾತ್ರಗಳು ಕಾಲ್ಪನಿಕ. ಅಲ್ಲಿಯವರೆಗೆ ನೋಡುವ ಮೊದಲೇ ಮಕ್ಕಳು ಗೇಮಿಗೆ ಹೋಗಿರುತ್ತಾರೆ.

ಅಷ್ಟರಲ್ಲಿ ಕಾಮೋಠೆಯಿಂದ ಗುಣಪಾಲನ ಫೋನು ಬಂತು. ಗುಣಪಾಲ ನನ್ನ ಅಪ್ಪನ ತಂಗಿಯ ಮಗ, ನನಗೆ ಭಾವ. ಸಾರಿಗೆಯ ವ್ಯಾಪಾರ ಮಾಡಿಕೊಂಡು ಚೆನ್ನಾಗಿದ್ದಾನೆ, ನಮ್ಮ ಕನ್ನಡ ಸಂಘದ ಕಮಿಟಿಯಲ್ಲೂ ಇದ್ದಾನೆ.

"ಭಾವ, ನಿಂಗೆ ಬೇಜಾರಾಗಬಾರದು. ಸಂಘದ ವಾರ್ಷಿಕೋತ್ಸವದಲ್ಲಿ ದೇಜಪ್ಪ ನಾಯಕರ ಕುಟುಂಬಕ್ಕೆ ಸನ್ಮಾನ ಉಂಟು. ಆದರೆ ಶಾಲು ಬರುವುದು ನಮಗೆ. ನೀನು ಮಗ ಮಾತ್ರ."

ನನಗೆ ತಲೆಬುಡ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ನಮ್ಮಲ್ಲಿ ಕುಟುಂಬ ನಡೆಯುವುದು ಹೆಣ್ಣಿನ ಕಡೆಯಿಂದ, ಮಾವನ ಹೆಸರು ಸೇರುವುದು ಸೋದರಳಿಯನಿಗೆ. ಹಿಂದಿನ ಕಾರ್ನವರ, ಅಂದರೆ ಮನೆತನದ ಹಿರಿಯರ, ಹೆಸರನ್ನೇ ಮುಂದೆ ಹುಟ್ಟಿದವರಿಗೆ ಇಡುವ ಪದ್ಧತಿಯೂ ಉಂಟು. ಹಾಗಾಗಿ ಅಬ್ಬಕ್ಕನ ಕಾಲದ ದೇಜಪ್ಪ ನಾಯಕನ ಹೆಸರನ್ನೇ ನನ್ನ ಅಪ್ಪನಿಗೆ ಇಟ್ಟದ್ದು. ಮುಖವೂ ಹಾಗೇ ಇಳಿದು ಬಂದಿದೆ. ಇನ್ನೇನು ಸಾಕ್ಷಿ ಬೇಕು?

"ಮಾರಾಯ, ಅದು ದಿಶಾ ಮಾಡಿದ್ದು! ಗೋಡೆಯ ಫೋಟೊ ನೋಡಿ ಬಿಡಿಸಿದ್ದು!"

"ಹಾಗೆ ಹೇಳ್ತೀ ಅಂತ ಗೊತ್ತಿತ್ತು. ಶಾಲು ಸಿಗೋದಿಲ್ಲಲ್ಲ, ಅದಕ್ಕೆ. ನಿನ್ನ ಹೆಂಡತಿಯೇ ಆ ವಿಡಿಯೊದಲ್ಲಿ ಹೇಳಿದ್ದಾಳೆ, ಅಬ್ಬಕ್ಕನಿಗೆ ಪಟ್ಟ ಬಂದದ್ದು ಅಳಿಯಸಂತಾನದಿಂದ ಅಂತ. ಅವಳಿಗೊಂದು ನ್ಯಾಯ, ನನಗೊಂದು ನ್ಯಾಯವಾ?"

ನಾನು ಫೋನು ಹಿಡಿದುಕೊಂಡೇ ನಿಂತೆ. ಇವನು ನನ್ನ ಅಪ್ಪನ ತೊಡೆಯ ಮೇಲೆ ಬೆಳೆದವನು. ಕ್ಯಾಂಟೀನಿನ ಕಥೆ, ಹಡಗಿನ ವಾಂತಿಯ ಕಥೆ ನನಗಿಂತ ಚೆನ್ನಾಗಿ ಅಭಿನಯಿಸಿ ತೋರಿಸುತ್ತಿದ್ದವನು. ಅಂಥವನೇ ನಂಬಿದನೆಂದರೆ ಉಳಿದವರ ಗತಿ ಏನು?

ವಾರ್ಷಿಕೋತ್ಸವದ ದಿನ ಪ್ರತಿ ವರ್ಷ ಮಕ್ಕಳಿಗೆ ಇತಿಹಾಸದ ರಸಪ್ರಶ್ನೆ ಇರುತ್ತದೆ. ಪ್ರಶ್ನೆ ಹಾಕುವುದು ಕಮಿಟಿಯವರು, ತೀರ್ಪು ಜಯಳದು. ಈ ಸಲ ಟ್ರೋಫಿ ಕೊಟ್ಟದ್ದು ದಿಶಾಳ ಕಂಪನಿ. ವೇದಿಕೆಯ ಹಿಂದೆ ಹೊಸ ಲೆವೆಲ್ಲಿನ ದೊಡ್ಡ ಬ್ಯಾನರು, ಅದರಲ್ಲಿ ಗೋಡೆಯಷ್ಟು ಎತ್ತರಕ್ಕೆ ನನ್ನ ಅಪ್ಪ. ಬಾಗಿಲಲ್ಲಿ ಪನ್ನೀರಿನ ಜೊತೆಗೆ ಗೇಮಿನ ಚೀಟಿಯನ್ನೂ ಹಂಚುತ್ತಿದ್ದರು.

ದಿಶಾ ಬೆಳಿಗ್ಗೆಯೇ ಅಮ್ಮನ ಕೈ ಹಿಡಿದು ಬೇಡಿಕೊಂಡಿದ್ದಳು. "ಅಮ್ಮ, ಆಜ್ ಕುಛ್ ಮತ್ ಬೋಲ್ನಾ, ಏನೂ ಹೇಳಬೇಡ. ಬಾಸ್ ಬರ್ತಾ ಇದ್ದಾರೆ. ನನ್ನ ನೌಕರಿ ಹೋಗುತ್ತೆ." ಜಯ ವಿಡಿಯೊದಲ್ಲಿ ಉಟ್ಟಿದ್ದ ನೀಲಿ ಅಂಚಿನ ಸೀರೆಯನ್ನು ತೆಗೆದು ಮತ್ತೆ ಒಳಗಿಟ್ಟು, ಬೇರೆ ಉಟ್ಟಳು.

ಕೊನೆಗೆ ಉಳಿದವರು ಇಬ್ಬರು. ಠಾಣೆಯ ಒಬ್ಬ ಹುಡುಗ, ಕಲ್ಯಾಣದ ರಮಿತಾ. ಅಂಕ ಸರಿಸಮ. ಕೊನೆಯ ಪ್ರಶ್ನೆ ರಮಿತಾಗೆ: ರಾಣಿ ಅಬ್ಬಕ್ಕನ ಬೆಂಕಿಬಾಣದ ಪಡೆಯ ನಾಯಕ ಯಾರು?

ಹುಡುಗಿ ಬ್ಯಾನರಿನ ಕಡೆ ತಿರುಗಿ ಕೂಡ ನೋಡಲಿಲ್ಲ. "ದೇಜಪ್ಪ ನಾಯಕ!"

ಸಭೆಯೆಲ್ಲ ಚಪ್ಪಾಳೆ. ಗುಣಪಾಲ ಮೊದಲ ಸಾಲಿನಲ್ಲಿ ಎದ್ದು ನಿಂತು ಎಲ್ಲರಿಗೂ ನಮಸ್ಕಾರ ಹಾಕಿದ. ಜಯ ಮೈಕು ಎಳೆದುಕೊಂಡಳು.

"ಉತ್ತರ ತಪ್ಪು."

ಸದ್ದು ಹಾಗೇ ನಿಂತಿತು. ರಮಿತಾಳ ಬಾಯಿ ತೆರೆದೇ ಇತ್ತು. "ಆದ್ರೆ ಟೀಚರ್, ನೀವೇ ಹೇಳಿದ್ದು!"

"ಹೌದು ಮಗಾ, ನಾನೇ ಹೇಳಿದ್ದು. ಅದು ಸುಳ್ಳು. ಗೇಮಿಗೋಸ್ಕರ ಹೇಳಿದ ಮಾತು ಪಾಠದಲ್ಲಿ ಸೇರಿಕೊಂಡಿದೆ. ಆ ನಾಯಕ ಯಾರು ಅಂತ ನಮಗೆ ಗೊತ್ತಿಲ್ಲ. ಈ ಚಿತ್ರದಲ್ಲಿ ಇರುವವರು ನನ್ನ ಮಾವ. ದೇಜಪ್ಪ." ಆ ಹೆಸರು ಹೇಳುತ್ತಲೇ ಅವಳು ಅತ್ತುಬಿಟ್ಟಳು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಠಾಣೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು ನಮ್ಮನ್ನೆಲ್ಲ ಮೇಲೆ ತಂದವರು. ಅವರು ಯಾವ ಹಡಗನ್ನೂ ಸುಡಲಿಲ್ಲ."

ನಾನು ಎದೆಯುಬ್ಬಿಸಿ ಕೂತೆ. ಈಗ ಎಲ್ಲರ ಬಾಯಿ ಮುಚ್ಚಿತು ಎಂದುಕೊಂಡೆ. ಎಂಥ ಪೆದ್ದ ನಾನು! ಹಿಂದಿನ ಸಾಲಿನಲ್ಲಿ ಯಾರೋ ಮೊಬೈಲಿನಲ್ಲಿ ಆ ವಿಡಿಯೊ ಹಾಕಿದರು. ಅಲ್ಲೊಂದು, ಇಲ್ಲೊಂದು, ಆಮೇಲೆ ನಾಲ್ಕು ಕಡೆಯಿಂದ ಜಯಳ ದನಿ ಎದ್ದಿತು. ಆ ದನಿಯಲ್ಲಿ ನಡುಕವಿರಲಿಲ್ಲ, ಹಿಂದೆ ಅಲೆಯ ಸದ್ದಿತ್ತು, ಮುಖದ ಮೇಲೆ ಒಳ್ಳೆಯ ಬೆಳಕಿತ್ತು. ವೇದಿಕೆಯ ಮೇಲಿನ ಜಯ ಬೆವತಿದ್ದಳು, ಮೈಕು ಕೊಂಯ್ ಎನ್ನುತ್ತಿತ್ತು.

ಸಂಘದ ಅಧ್ಯಕ್ಷರು ಬಂದು ಮೆಲ್ಲಗೆ ಮೈಕು ತೆಗೆದುಕೊಂಡರು. "ಟೀಚರಿಗೆ ಸ್ವಲ್ಪ ಆಯಾಸ ಆಗಿದೆ. ವಿಡಿಯೊದಲ್ಲಿ ಸ್ಪಷ್ಟ ಉಂಟಲ್ಲ? ಇಡೀ ದೇಶ ನೋಡಿದೆ. ಮಗುವಿಗೆ ಅಂಕ ಕೊಡುವ."

"ತೀರ್ಪು ನನ್ನದು!" ಎಂದಳು ಜಯ. ಮೈಕಿಲ್ಲದ್ದರಿಂದ ಅದು ಮುಂದಿನ ಎರಡು ಸಾಲಿಗೆ ಮಾತ್ರ ಕೇಳಿತು.

ಆಗ ನನ್ನ ಪಕ್ಕದಲ್ಲಿ ಕೂತಿದ್ದ ದಿಶಾ ಎದ್ದಳು. ಬಾಸಿನ ಮುಂದೆಯೇ ಹಾದು, ವೇದಿಕೆ ಹತ್ತಿ, ಅಧ್ಯಕ್ಷರ ಕೈಯಿಂದ ಮೈಕು ಕಿತ್ತುಕೊಂಡಳು. ಹುಟ್ಟಿದಂದಿನಿಂದ ಅವಳ ಬಾಯಲ್ಲಿ ಅಷ್ಟು ಉದ್ದದ ಕನ್ನಡ ನಾನು ಕೇಳಿರಲಿಲ್ಲ.

"ಅಮ್ಮ ಹೇಳೋದು ನಿಜ. ಆ ಲೈನ್ ಬರೆದದ್ದು ನಾನು. ಪಾಠದಲ್ಲಿ ಹಾಕಿಸಿದ್ದೂ ನಾನು. ಅಜ್ಜನ ಫೋಟೊ ಕೊಟ್ಟದ್ದೂ ನಾನು. ದೇಜಪ್ಪ ನಾಯಕ ಅಂತ ಯಾರೂ ಇಲ್ಲ. ಇರಲಿಲ್ಲ."

ನೌಕರಿ ಹೋಯಿತು, ಹೋಗಲಿ ಎಂದುಕೊಂಡೆ. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಚಪ್ಪಾಳೆಯ ಸದ್ದು. ಮೊದಲು ತಟ್ಟಿದ್ದು ಅವಳ ಬಾಸು. ಅವನಿಗೆ ಕನ್ನಡದ ಗಂಧಗಾಳಿಯೂ ಗೊತ್ತಿಲ್ಲ. ದಿಶಾ ಅಜ್ಜನ ಹೆಸರು ಹೇಳಿ ಅಳುತ್ತಿದ್ದಾಳೆ ಎಂಬಷ್ಟೇ ಅವನಿಗೆ ತಿಳಿದದ್ದು. ಅವನನ್ನು ನೋಡಿ ಉಳಿದವರೂ ತಟ್ಟಿದರು. ಅಧ್ಯಕ್ಷರು ಕಣ್ಣೊರೆಸಿಕೊಂಡು, "ನೋಡಿ, ಎಂಥಾ ವಿನಯ! ಇಷ್ಟು ದೊಡ್ಡ ಮನೆತನ, ನಮ್ಮದೇನೂ ಇಲ್ಲ ಅಂತಾರೆ," ಎಂದರು. ಗುಣಪಾಲ ಶಾಲು ಹೊದೆಸಿಕೊಂಡ. ನನ್ನ ಅಪ್ಪನ ಬ್ಯಾನರಿನ ಕೆಳಗೆ ನಿಂತು ಫೋಟೊ ತೆಗೆಸಿಕೊಂಡ. ಟ್ರೋಫಿ ರಮಿತಾಗೆ ಹೋಯಿತು.

ನಾನು ಎದ್ದು ಕೂಗಬೇಕೆಂದಿದ್ದೆ. ಯಾವ ಹೊತ್ತಿಗೂ ಮುಚ್ಚದ ನನ್ನ ಬಾಯಿ ಅವತ್ತು ಕಟ್ಟಿಹೋಯಿತು. ನಿಜ ಹೇಳಿದರೆ ವಿನಯ ಎನ್ನುವವರ ಹತ್ತಿರ ಇನ್ನೇನು ಹೇಳುವುದು?

ಹೊರಗೆ ಬಂದು ಮೂವರೂ ಸಭಾಂಗಣದ ಮೆಟ್ಟಿಲ ಮೇಲೆ ಕೂತೆವು. ಒಳಗೆ ಊಟಕ್ಕೆ ಎಲೆ ಹಾಕುತ್ತಿದ್ದರು. ದಿಶಾ ಅಮ್ಮನ ಮಡಿಲಲ್ಲಿ ಮುಖವಿಟ್ಟು ಬಿಕ್ಕುತ್ತಿದ್ದಳು. ಜಯ ಅವಳ ತಲೆ ಸವರುತ್ತಿದ್ದಳು, ಆದರೆ ನೋಟ ಎಲ್ಲೋ ಇತ್ತು.

ರಮಿತಾ ಓಡಿಕೊಂಡು ಬಂದಳು. ಟ್ರೋಫಿಯನ್ನು ಜಯಳ ಪಕ್ಕದಲ್ಲಿ ಇಟ್ಟಳು.

"ನಂಗೆ ಬೇಡ ಟೀಚರ್. ನೀವು ತಪ್ಪು ಅಂದ್ರಲ್ಲ."

ಜಯಳ ಮುಖದಲ್ಲಿ ಜೀವ ಬಂತು. ಹುಡುಗಿಯ ಎರಡೂ ಕೈ ಹಿಡಿದುಕೊಂಡಳು. "ನೀನು ನಂಬಿದೆಯಾ ಮಗಾ?"

"ಹೂಂ. ನೀವು ರೋತೇ ರೋತೇ ಹೇಳಿದ್ರಿ. ಸುಳ್ಳು ಹೇಳುವಾಗ ಯಾರೂ ಅಳಲ್ಲ."

ಇಡೀ ಸಭೆಯಲ್ಲಿ ಒಬ್ಬಳಾದರೂ ಸಿಕ್ಕಿದಳಲ್ಲ ಎಂದು ನಾನು ಉಸಿರು ಬಿಟ್ಟೆ. ಟ್ರೋಫಿಗಿಂತ ದೊಡ್ಡದು ಇದು, ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ತಿನ್ನಿಸಬೇಕು ಎಂದುಕೊಂಡೆ. ಹುಡುಗಿ ಹೋಗಲಿಲ್ಲ. ಕಾಲಿನ ಹೆಬ್ಬೆರಳಿನಿಂದ ಮೆಟ್ಟಿಲು ಕೆರೆಯುತ್ತಾ ನಿಂತಳು.

"ಟೀಚರ್, ಏಕ್ ಬಾತ್ ಪೂಛೂಂ? ಅಬ್ಬಕ್ಕ ಇದ್ದಳಾ?"

ಜಯ ಅವಳನ್ನೇ ನೋಡಿದಳು.

"ಅದೂ ಅದೇ ವಿಡಿಯೊದಲ್ಲಿ ನೀವೇ ಹೇಳಿದ್ದಲ್ವಾ?"

ಮಡಿಲಲ್ಲಿ ದಿಶಾಳ ಬಿಕ್ಕು ನಿಂತಿತು. ಊಟದ ಹೊತ್ತಿಗೂ ಮಲಗುವ ಹೊತ್ತಿಗೂ ನನ್ನ ತಲೆ ತಿನ್ನುವಷ್ಟು ಅಬ್ಬಕ್ಕನ ಕಥೆ ಹೇಳಿದವಳು ನನ್ನ ಹೆಂಡತಿ. ಯಾವ ಊರು, ಯಾವ ಯುದ್ಧ, ಅವಳನ್ನು ಕಣ್ಣಾರೆ ಕಂಡು ಬರೆದಿಟ್ಟ ಇಟಲಿಯ ಪ್ರಯಾಣಿಕ ಯಾರು, ಎಲ್ಲ ಅವಳ ನಾಲಿಗೆಯ ತುದಿಯಲ್ಲಿ ಇರುತ್ತದೆ. ಈಗ ಶುರುಮಾಡುತ್ತಾಳೆ ಎಂದು ಕಾದೆ.

"ಇದ್ದಳು," ಎಂದಳು ಜಯ. ಅಷ್ಟೇ. ದನಿ ಹೊರಟದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

ಹುಡುಗಿ ಜಯಳ ಮುಖವನ್ನು ನೋಡಿದಳು. ನೋಟುಬಂದಿಯ ಮೇಲೆ ಬಂದ ಹೊಸ ಐನೂರನ್ನು ನಾನು ಗಲ್ಲಾದಲ್ಲಿ ಬೆಳಕಿಗೆ ಹಿಡಿದು ನೋಡುತ್ತಿದ್ದೆನಲ್ಲ, ಹಾಗೆ ನೋಡಿದಳು. ಈ ಸಲ ಜಯ ಅಳುತ್ತಿರಲಿಲ್ಲ. ಒಳಗಿಂದ ಲೀಲಾಧರರು ಊಟಕ್ಕೆ ಕರೆದರು. ಹುಡುಗಿ ಟ್ರೋಫಿಯನ್ನು ಅಲ್ಲೇ ಬಿಟ್ಟು ಒಳಗೆ ಹೋದಳು.